ಷ್ನಿಟ್ಸ್ಲರನ ‘ರೈಗೆನ್’: ಹೆಸರೆತ್ತದ ರೋಗದ ನಾಟಕ

ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳಿರಬೇಕೆಂದು ಲಾಕ್ಷಣಿಕರು ವಿಧಿಸಿದಾಗ ನಗರ, ಚಂದ್ರೋದಯ, ಮಧುಪಾನ, ಸುರತ ಇವೆಲ್ಲವೂ ಆ ಪಟ್ಟಿಯಲ್ಲಿ ಸೇರಿದುವು. ಆದುದರಿಂದ ಇರುಳಿನ ನಗರವು ಕನ್ನಡ ಓದುಗರಿಗೆ ಹೊಸತಲ್ಲ. ಪಂಪನ ಅರ್ಜುನನು ದ್ವಾರಾವತಿಯಲ್ಲಿ ಸುಭದ್ರೆಯ ಮೇಲಣ ಮೋಹದಿಂದ ನಿದ್ದೆಗೆಟ್ಟು ಸೂಳೆಗೇರಿಯ ನಡುವೆ ಹಾದುಹೋಗುವನು. ಸಂಸ್ಕೃತದ ಭಾಣಗಳಲ್ಲಿ ವಿಟನು ವೇಶವಾಟದ ಒಂದೊಂದು ಬಾಗಿಲಲ್ಲಿಯೂ ನಿಂತು ಹರಟಿ ಮುಂದೆ ಸಾಗುವನು. ಈ ವರ್ಣನೆಗಳಲ್ಲಿ ಹಣ ಹೋಗುವುದುಂಟು, ಮಾನ ಹೋಗುವುದುಂಟು. ಮೈ ಕೆಡುವ ಮಾತು ಮಾತ್ರ ಬಲು ಅಪೂರ್ವ. ಫಿರಂಗರೋಗವೆಂಬ ಹೆಸರು 16ನೆಯ ಶತಮಾನದ ‘ಭಾವಪ್ರಕಾಶ’ದಲ್ಲಿ ವೈದ್ಯಶಾಸ್ತ್ರದೊಳಕ್ಕೆ ಬಂದಿತು. ಅದು ಹಡಗು ಹತ್ತಿ ಬಂದ ಅತಿಥಿಯೆಂಬುದನ್ನು ಆ ಹೆಸರೇ ಸಾರುತ್ತದೆ. ವೈದ್ಯರು ಅದನ್ನು ಗುರುತಿಸಿ ರಸೌಷಧವನ್ನು ಹೇಳಿದರು. ಸಂಪ್ರದಾಯದ ಕಾವ್ಯವು ಅದಕ್ಕೆ ಎಡೆಮಾಡಿಕೊಡಲಿಲ್ಲ.

ಯೂರೋಪಿನಲ್ಲಿ ನಡೆದದ್ದು ಬೇರೆ. ಅಲ್ಲಿ ರೋಗಕ್ಕೆ ಹೆಸರು ಬಂದದ್ದೇ ಒಂದು ಕಾವ್ಯದಿಂದ. 1530ರಲ್ಲಿ ವೆರೋನಾ ನಗರದ ವೈದ್ಯನಾದ ಫ್ರಾಕಾಸ್ಟೋರೋ ಎಂಬಾತನು ಲ್ಯಾಟಿನ್ ಭಾಷೆಯಲ್ಲಿ ಒಂದು ಕಾವ್ಯವನ್ನು ಪ್ರಕಟಿಸಿ, ದೇವತೆಯ ಕೋಪಕ್ಕೆ ಗುರಿಯಾದ ಸಿಫಿಲಸ್ ಎಂಬ ಕುರುಬನ ಕಥೆಯನ್ನು ಅದರಲ್ಲಿ ಹೇಳಿದನು. ಆ ಕುರುಬನ ಹೆಸರು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಇಂದಿಗೂ ಉಳಿದಿದೆ. ಬಳಿಕ 1759ರಲ್ಲಿ ವೋಲ್ತೇರನು ‘ಕಾಂದೀದ್’ ಕಥೆಯಲ್ಲಿ ಅದೇ ರೋಗಕ್ಕೆ ಒಂದು ವಂಶಾವಳಿಯನ್ನು ಬರೆದನು. ಪಂಡಿತ ಪ್ಯಾಂಗ್ಲಾಸನು ತನಗೆ ಅಂಟಿದ ಬೇನೆಯು ಒಬ್ಬ ದಾಸಿಯಿಂದ, ಆಕೆಗೆ ಒಬ್ಬ ಸಂನ್ಯಾಸಿಯಿಂದ, ಅವನಿಗೆ ಒಬ್ಬ ಮುದಿ ಸಿರಿವಂತೆಯಿಂದ, ಆಕೆಗೆ ಒಬ್ಬ ಕುದುರೆಪಡೆಯ ನಾಯಕನಿಂದ, ಹೀಗೆ ಕೊನೆಗೆ ಕೊಲಂಬಸನ ಸಂಗಡಿಗನೊಬ್ಬನಿಂದ ಬಂದಿತೆಂದು ಗೋತ್ರಪ್ರವರವನ್ನು ಹೇಳುವಂತೆ ಹೇಳುತ್ತಾನೆ. ಇದು ನಗೆಗಾಗಿ ಬರೆದದ್ದು. ಆದರೆ ನಗೆಯ ಒಳಗೆ ಒಂದು ತಿಳಿವಳಿಕೆಯಿದೆ: ಈ ರೋಗವು ಮೈಯಿಂದ ಮೈಗೆ ಹೋಗುವುದರ ಜೊತೆಗೆ ವರ್ಗದಿಂದ ವರ್ಗಕ್ಕೂ ಹೋಗುತ್ತದೆ. ಮಠ, ಅರಮನೆ, ಅಡುಗೆಮನೆ ಇವುಗಳ ನಡುವೆ ಸಮಾಜವು ಕಟ್ಟಿದ ಗೋಡೆಗಳಲ್ಲಿ ಅದಕ್ಕೆ ಬಾಗಿಲುಗಳು ಕಾಣುತ್ತವೆ.

ಈ ತಿಳಿವಳಿಕೆಯನ್ನು ನಗೆಯಿಂದ ಬಿಡಿಸಿ, ಒಂದು ಇಡೀ ನಾಟಕದ ಆಕಾರವನ್ನಾಗಿ ಮಾಡಿದವನು ವಿಯೆನ್ನಾದ ಆರ್ಥರ್ ಷ್ನಿಟ್ಸ್ಲರ್. ಆ ನಾಟಕವೇ ‘ರೈಗೆನ್’. ಕೈಕೈ ಹಿಡಿದು ಸುತ್ತುಗಟ್ಟಿ ಕುಣಿಯುವ ಕುಣಿತಕ್ಕೆ ಜರ್ಮನ್ ಭಾಷೆಯಲ್ಲಿ ಆ ಹೆಸರು. ಹಲ್ಲೀಸಕವೆಂದು ಭಾಷಾಂತರಿಸಲು ಮನಸ್ಸಾಗುತ್ತದೆ. ಆದರೆ ಹಲ್ಲೀಸಕದ ನಡುವೆ ಒಬ್ಬ ನಾಯಕನಿರುತ್ತಾನೆ, ಇಲ್ಲಿ ನಡುವೆ ಯಾರೂ ಇಲ್ಲ.

ಷ್ನಿಟ್ಸ್ಲರನು 1862ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡನು. ತಂದೆ ಗಂಟಲಿನ ರೋಗಗಳಲ್ಲಿ ಹೆಸರಾಂತ ವೈದ್ಯ. ಮಗನೂ 1885ರಲ್ಲಿ ವೈದ್ಯಪದವಿಯನ್ನು ಪಡೆದು ನಗರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸಮಾಡಿದನು. ಚರ್ಮ ಮತ್ತು ಉಪದಂಶ ರೋಗಗಳ ವಿಭಾಗದಲ್ಲಿಯೂ ಕೆಲಕಾಲ ಇದ್ದನು. ಅವನ ಮರಣಾನಂತರ 1968ರಲ್ಲಿ ಅಚ್ಚಾದ ಆತ್ಮಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಹದಿನಾರರ ಹುಡುಗನು ಬರೆದಿಟ್ಟಿದ್ದ ದಿನಚರಿಯನ್ನು ತಂದೆಯು ಗುಟ್ಟಾಗಿ ಓದಿ, ಮಗನು ಎಲ್ಲೆಲ್ಲಿಗೆ ಹೋಗಿಬರುತ್ತಿರುವನೆಂಬುದನ್ನು ತಿಳಿದುಕೊಂಡನು. ಗದರಿಸಿದ ಬಳಿಕ ಅವನನ್ನು ತನ್ನ ಚಿಕಿತ್ಸೆಯ ಕೋಣೆಗೆ ಕರೆದೊಯ್ದು, ಚರ್ಮರೋಗ ಮತ್ತು ಉಪದಂಶಗಳ ಮೇಲೆ ಕಾಪೋಸಿ ಎಂಬ ಪ್ರಸಿದ್ಧ ವೈದ್ಯನು ಬರೆದಿದ್ದ ಮೂರು ದಪ್ಪ ಹಳದಿ ಸಂಪುಟಗಳನ್ನು ಕೈಗೆ ಕೊಟ್ಟು, ಅವುಗಳಲ್ಲಿದ್ದ ಚಿತ್ರಗಳನ್ನು ನೋಡೆಂದನು. ನೀತಿಯನ್ನು ಬೋಧಿಸುವ ಬದಲು ಪಟವನ್ನು ತೋರಿಸಿದ ತಂದೆ! ಷ್ನಿಟ್ಸ್ಲರನ ಬರಹದ ರೀತಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ಅವನ ಜೀವನಚರಿತ್ರೆಯಲ್ಲಿ ಹುಡುಕುವುದು ಕಷ್ಟ. ಉಪದೇಶವನ್ನು ಬಿಟ್ಟು ಆಕೃತಿಯನ್ನು ಕಣ್ಣಮುಂದೆ ಇಡುವುದು, ಭಯಪಡುವ ಕೆಲಸವನ್ನು ನೋಡುವವನಿಗೇ ಬಿಡುವುದು, ಇದೇ ಅವನು ಮುಂದೆ ನಾಟಕದಲ್ಲಿ ಹಿಡಿದ ಮಾರ್ಗ.

ಅಂದಿನ ವಿಯೆನ್ನಾ ಎಂತಹ ಊರು? ವಾಲ್ಟ್ಸ್ ನರ್ತನ, ಕಾಫಿಮನೆ, ನಾಟಕಶಾಲೆ, ಪ್ರಾಟರ್ ಉದ್ಯಾನದ ದೀಪಗಳು ಇವುಗಳಿಂದ ಹೆಸರುಗೊಂಡ ಊರು. ಅದೇ ಊರಿನ ಇನ್ನೊಂದು ಮುಖವನ್ನು ಸ್ಟೆಫಾನ್ ತ್ಸ್ವೈಗನು 1942ರಲ್ಲಿ ಪ್ರಕಟವಾದ ತನ್ನ ನೆನಪುಗಳ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಆರೇಳು ಮನೆಗೊಂದು ಬಾಗಿಲಲ್ಲಿ ಚರ್ಮ ಮತ್ತು ಗುಹ್ಯರೋಗಗಳ ವೈದ್ಯನ ಫಲಕ. ವಾರಗಟ್ಟಲೆ ಪಾದರಸವನ್ನು ಮೈಗೆ ತಿಕ್ಕಿಸಿಕೊಂಡು ಹಲ್ಲು ಕಳೆದುಕೊಳ್ಳುವ ರೋಗಿಗಳು. ರೋಗವಿದೆಯೆಂದು ವೈದ್ಯನು ಹೇಳಿದೊಡನೆ ಪಿಸ್ತೂಲನ್ನು ಕೈಗೆತ್ತಿಕೊಂಡ ತರುಣರು. ಗೌರವಸ್ಥರ ಮನೆಯ ಹೆಣ್ಣುಮಕ್ಕಳಿಗೆ ಯಾವುದನ್ನೂ ತಿಳಿಸಕೂಡದು, ಗಂಡುಮಕ್ಕಳಿಗೆ ಎಲ್ಲವೂ ತಿಳಿದಿದ್ದರೂ ಮಾತಾಡಕೂಡದು ಎಂಬುದು ಅಲ್ಲಿನ ಕಟ್ಟಳೆ. ಪೋಲೀಸರು 1873ರಿಂದ ಬೀದಿಯ ಹೆಂಗಸರಿಗೆ ಆರೋಗ್ಯದ ಪುಸ್ತಕಗಳನ್ನು ಕೊಟ್ಟು ಅವರನ್ನು ಕಾಲಕಾಲಕ್ಕೆ ವೈದ್ಯಪರೀಕ್ಷೆಗೆ ಒಳಪಡಿಸುತ್ತಿದ್ದರು. ಅವರ ಬಳಿಗೆ ಹೋಗುವ ಗಂಡಸರಿಗೆ ಅಂತಹ ಪುಸ್ತಕವಿರಲಿಲ್ಲ.

ಈ ಊರಿನಲ್ಲಿ, 1896-97ರ ಚಳಿಗಾಲದಲ್ಲಿ, ‘ರೈಗೆನ್’ ಬರೆಯಲ್ಪಟ್ಟಿತು. ಅದರಲ್ಲಿ ಹತ್ತು ಸಂವಾದಗಳು, ಹತ್ತು ಮಂದಿ. ಮೊದಲನೆಯದರಲ್ಲಿ ಬೀದಿಯ ಹೆಣ್ಣೊಬ್ಬಳು ಔಗಾರ್ಟನ್ ಸೇತುವೆಯ ಬಳಿ ಒಬ್ಬ ಸಿಪಾಯಿಯನ್ನು ತಡೆದು ನಿಲ್ಲಿಸುವಳು. ಎರಡನೆಯದರಲ್ಲಿ ಅದೇ ಸಿಪಾಯಿ ಪ್ರಾಟರಿನ ಕತ್ತಲೆಯಲ್ಲಿ ಒಬ್ಬ ಮನೆಗೆಲಸದ ಹುಡುಗಿಯೊಡನೆ; ಮೂರನೆಯದರಲ್ಲಿ ಆ ಹುಡುಗಿ ತನ್ನ ಯಜಮಾನರ ಮನೆಯ ತರುಣನೊಡನೆ; ನಾಲ್ಕರಲ್ಲಿ ಆ ತರುಣನು ಒಬ್ಬ ಗೃಹಿಣಿಯೊಡನೆ; ಐದರಲ್ಲಿ ಆ ಗೃಹಿಣಿ ತನ್ನ ಗಂಡನೊಡನೆ; ಆರರಲ್ಲಿ ಆ ಗಂಡನು ಊರಂಚಿನ ಬಡಾವಣೆಯ ಹುಡುಗಿಯೊಬ್ಬಳೊಡನೆ; ಏಳರಲ್ಲಿ ಅವಳು ಒಬ್ಬ ಕವಿಯೊಡನೆ; ಎಂಟರಲ್ಲಿ ಕವಿಯು ಒಬ್ಬ ನಟಿಯೊಡನೆ; ಒಂಬತ್ತರಲ್ಲಿ ನಟಿಯು ಒಬ್ಬ ಕೌಂಟನೊಡನೆ; ಹತ್ತರಲ್ಲಿ ಕೌಂಟನು ಮೊದಲಿನ ಬೀದಿಯ ಹೆಣ್ಣಿನ ಕೋಣೆಯಲ್ಲಿ. ಸುತ್ತು ಮುಗಿಯಿತು. ಕಡೆಯದನ್ನುಳಿದು ಒಂದೊಂದು ಸಂವಾದದ ನಡುವೆಯೂ ಕವಿಯು ಒಂದು ಸಾಲು ಗೆರೆಗಳನ್ನು ಎಳೆದು ಸುಮ್ಮನಾಗುವನು. ಆ ಗೆರೆಗಳಿಗೆ ಮುಂಚಿನ ಮಾತು ಒಂದು ರೀತಿ, ಆಮೇಲಿನ ಮಾತು ಇನ್ನೊಂದು ರೀತಿ.

ಗೆರೆಗಳನ್ನು ಕಂಡು ಕೆರಳಿದವರು ಬಹಳ ಮಂದಿ. ಆದರೆ ಈ ಕೃತಿಯಲ್ಲಿ ಗಮನಿಸತಕ್ಕ ಮೌನವು ಅದಲ್ಲ. ಉಪದಂಶವೆಂಬ ಮಾತು ನಾಟಕದಲ್ಲಿ ಎಲ್ಲಿಯೂ ಬಾಯಿಬಿಟ್ಟು ಬರುವುದಿಲ್ಲ. ರೋಗವನ್ನು ಬಲ್ಲ, ಅದರ ನಡುವೆ ಕೆಲಸಮಾಡಿದ ವೈದ್ಯನೊಬ್ಬನು ಸೋಂಕು ಸಾಗುವ ದಾರಿಯನ್ನು ಹೆಜ್ಜೆ ತಪ್ಪದಂತೆ ಬರೆದು, ಸೋಂಕನ್ನು ಮಾತ್ರ ಬರೆಯದೆ ಬಿಟ್ಟಿರುವನು. ಇದು ಹೇಡಿತನವೇ, ಕಲೆಯೇ? ನಾಟಕದ ಬೆಲೆಯು ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ.

ಕಲೆಯೆಂದು ಹೇಳುವುದಕ್ಕೆ ಮೊದಲ ಕಾರಣ ಆಕಾರವೇ. ವೋಲ್ತೇರನ ವಂಶಾವಳಿಗೆ ಒಬ್ಬ ಮೂಲಪುರುಷನಿದ್ದನು. ಷ್ನಿಟ್ಸ್ಲರನ ಸುತ್ತಿಗೆ ಮೂಲವಿಲ್ಲ. ಸಂವಾದಗಳು ಬೀದಿಯ ಹೆಣ್ಣಿನಿಂದ ಆರಂಭವಾಗುವುವೆಂಬುದು ನಿಜ. ಓದುಗನು ಮೊದಲ ಸಲ ಓದುವಾಗ ಕೇಡು ಅಲ್ಲಿಂದಲೇ ಹೊರಟಿತೆಂದು ತಿಳಿಯುವನು. ಹತ್ತನೆಯದನ್ನು ಓದಿದಾಗ ಆ ಹೆಣ್ಣಿನ ಬಳಿಗೆ ಕೌಂಟನು ಬಂದಿರುವನು. ಹಾಗಾದರೆ ಬೇನೆಯು ಅವಳಿಂದ ಸಿಪಾಯಿಗೆ ಹೋಯಿತೋ, ಕೌಂಟನಿಂದ ಅವಳಿಗೆ ಬಂದಿತೋ? ಉಂಗುರದಲ್ಲಿ ಯಾವ ಬಿಂದುವನ್ನು ಮೊದಲೆಂದರೂ ಸಲ್ಲುತ್ತದೆ. ಹತ್ತು ಜನರಲ್ಲಿ ಯಾರನ್ನು ಬೇಕಾದರೂ ಮೊದಲಿಗೆ ನಿಲ್ಲಿಸಿ ನಾಟಕವನ್ನು ಆಡಬಹುದು. ಗೃಹಿಣಿಯಿಂದ ಆರಂಭಿಸಿದರೂ ಸುತ್ತು ಕೆಡುವುದಿಲ್ಲ. ಅಂದಿನ ಸರಕಾರಗಳ ಕ್ರಮವಾದರೋ ಇದಕ್ಕೆ ತೀರ ಎದುರಾದುದು. ಹತ್ತು ಮಂದಿಯಲ್ಲಿ ಪೋಲೀಸರ ಪುಸ್ತಕವಿದ್ದುದು ಒಬ್ಬಳಿಗೆ. ವೈದ್ಯನ ಮುಂದೆ ನಿಲ್ಲಬೇಕಾದವಳು ಅವಳೊಬ್ಬಳೇ. ಉಳಿದ ಒಂಬತ್ತು ಮಂದಿಯ ಮಾನವನ್ನು ಕಾಪಾಡುವುದಕ್ಕಾಗಿ ಹತ್ತನೆಯವಳ ಮೈಯನ್ನು ಪರೀಕ್ಷಿಸುವುದು, ಇಷ್ಟೇ ಆ ಕ್ರಮದ ತಿರುಳು. ಬ್ರಿಟಿಷರು 1864ರಿಂದ ತಮ್ಮ ನಾಡಿನಲ್ಲಿ ಮಾಡಿದ ಕಾಯಿದೆಗಳೂ ಇದೇ ಬಗೆಯವು. ಜೋಸೆಫೈನ್ ಬಟ್ಲರ್ ಎಂಬ ಮಹಿಳೆಯ ಮುಂದಾಳುತನದಲ್ಲಿ ನಡೆದ ಹೋರಾಟದಿಂದ ಅವು 1886ರಲ್ಲಿ ರದ್ದಾದುವು. ಭಾರತಕ್ಕೆ ಅಂತಹುದೇ ಕಾಯಿದೆ 1868ರಲ್ಲಿ ಬಂದಿತು. ಬೆಂಗಳೂರಿನ ದಂಡೂ ಸೇರಿ ಸೈನ್ಯದ ನೆಲೆಗಳಲ್ಲಿ ಲಾಕ್ ಆಸ್ಪತ್ರೆಗಳೆಂಬುವು ನಡೆದುವು. ಅಲ್ಲಿ ಸೆರೆಯಂತೆ ಇರಬೇಕಾದವಳು ಹೆಂಗಸು, ಅವಳ ಬಳಿಗೆ ಹೋದ ಸೋಲ್ಜರನಲ್ಲ. ‘ರೈಗೆನ್’ ನಾಟಕದಲ್ಲಿ ಸರಕಾರವನ್ನು ಕುರಿತು ಒಂದು ಮಾತೂ ಇಲ್ಲ. ಆದರೂ ಆ ಕಾಯಿದೆಗಳ ಮೇಲೆ ಅದಕ್ಕಿಂತ ತೀಕ್ಷ್ಣವಾದ ಖಂಡನೆ ಸಾಹಿತ್ಯದಲ್ಲಿ ವಿರಳ.

ಎರಡನೆಯ ಕಾರಣ ಐದನೆಯ ಸಂವಾದ. ಸುತ್ತಿನ ಸರಿಯಾದ ನಡುವೆ, ಹತ್ತು ಕೂಟಗಳಲ್ಲಿ ಒಂದೇ ಒಂದು, ಧರ್ಮಸಮ್ಮತವಾದ ಕೂಟವಿದೆ: ಗಂಡಹೆಂಡಿರದು. ಗಂಡನು ಹಾಸಿಗೆಯ ಬಳಿ ಕುಳಿತು ಹೆಂಡತಿಗೆ ಉಪದೇಶ ಮಾಡುವನು. ಗಂಡಸರು ಮದುವೆಗೆ ಮುಂಚೆ ಎಂತೆಂತಹ ಹೆಂಗಸರೊಡನೆ ಬೆರೆಯಬೇಕಾಗುವುದೆಂಬುದನ್ನು ಅಸಹ್ಯದಿಂದ ಸೂಚಿಸುವನು; ನಿನ್ನಂತಹ ಕುಲವಧುಗಳ ಶುದ್ಧಿಯೇ ತಮಗೆ ಆಶ್ರಯವೆಂಬಂತೆ ಮಾತಾಡುವನು; ಶಂಕಾಸ್ಪದರಾದ ಗೆಳತಿಯರ ಸಹವಾಸ ಬೇಡವೆಂದು ಎಚ್ಚರಿಕೆ ಕೊಡುವನು. ಕೇಳುತ್ತಿರುವ ಹೆಂಡತಿಯು ಹಿಂದಿನ ಸಂವಾದದಲ್ಲಿ ತರುಣನ ಕೋಣೆಯಿಂದ ಎದ್ದು ಬಂದವಳು. ಉಪದೇಶಿಸುವ ಗಂಡನು ಮುಂದಿನ ಸಂವಾದದಲ್ಲಿ ಭೋಜನಶಾಲೆಯ ಪ್ರತ್ಯೇಕ ಕೋಣೆಯೊಂದರಲ್ಲಿ ಊರಂಚಿನ ಹುಡುಗಿಯೊಡನೆ ಕುಳಿತಿರುವವನು. ಹೀಗೆ ದಾಂಪತ್ಯದ ಹಾಸಿಗೆಯೂ ಸರಪಳಿಯ ಒಂದು ಕೊಂಡಿಯಾಯಿತು. ಬೀದಿಯ ಹೆಣ್ಣನ್ನೂ ಕುಲವಧುವನ್ನೂ ಬೇರ್ಪಡಿಸಿದ್ದ ಗೆರೆಯು ಮೂರು ಜನರ ದೂರದಷ್ಟಾಯಿತು. ಓದಿನ ಕೋಣೆಯಲ್ಲಿ ಕುಳಿತ ಗೃಹಸ್ಥನಿಗೆ ಈ ಸಂವಾದವು ಬೇರೆ ಒಂಬತ್ತಕ್ಕಿಂತಲೂ ಹೆಚ್ಚಾಗಿ ಚುಚ್ಚಬೇಕು. ಇದರಲ್ಲಿ ಕವಿಯು ಯಾರನ್ನೂ ಹಳಿಯುವುದಿಲ್ಲ. ಗಂಡನು ಪ್ರೀತಿಯಿಂದಲೇ ಮಾತಾಡುವನು, ಹೆಂಡತಿಯೂ ಅವನನ್ನು ಒಂದು ಬಗೆಯಲ್ಲಿ ಪ್ರೀತಿಸುವಳು.

ಆರನೆಯ ಸಂವಾದದಲ್ಲಿ, ಗೆರೆಗಳ ಬಳಿಕ, ಆ ಗಂಡನಿಗೆ ಒಂದು ಅಳುಕು ಹುಟ್ಟುವುದು. ಪಕ್ಕದಲ್ಲಿ ತೂಕಡಿಸುತ್ತಿರುವ ಈ ಹುಡುಗಿ ಎಂತಹವಳೋ, ಇಷ್ಟು ಬೇಗ ಒಪ್ಪಿಕೊಂಡಳಲ್ಲ, ತಾನು ಎಚ್ಚರಿಕೆಯಿಂದಿರಲಿಲ್ಲವಲ್ಲ ಎಂದು ತನ್ನೊಳಗೇ ಅಂದುಕೊಳ್ಳುವನು. ರೋಗದ ನೆರಳು ನಾಟಕದಲ್ಲಿ ಸ್ಪಷ್ಟವಾಗಿ ಬೀಳುವುದು ಇಲ್ಲಿ. ಒಂದೆರಡು ಮುರುಕು ವಾಕ್ಯಗಳಷ್ಟೆ, ಮರುಕ್ಷಣ ಅವನು ಅದನ್ನು ಮರೆಯುವನು. ಇದನ್ನು ಓದುವಾಗ ಸುತ್ತಿನ ದಿಕ್ಕನ್ನು ನೆನೆಯಬೇಕು. ಸಿಪಾಯಿಯಿಂದ ಕೆಲಸದ ಹುಡುಗಿಗೆ, ಅವಳಿಂದ ತರುಣನಿಗೆ, ಅವನಿಂದ ಗೃಹಿಣಿಗೆ, ಅವಳಿಂದ ಈ ಗಂಡನಿಗೆ ಸೋಂಕು ಬಂದಿದ್ದರೆ, ಅಪಾಯವಿರುವುದು ಅವನಿಗಲ್ಲ, ತೂಕಡಿಸುತ್ತಿರುವ ಹುಡುಗಿಗೆ. ಯಾವ ಕಡೆಯಿಂದ ಭಯಪಡಬೇಕೆಂಬುದೇ ಅವನಿಗೆ ಗೊತ್ತಿಲ್ಲ. ಭಯವು ಯಾವಾಗಲೂ ಕೆಳಗಿನ ವರ್ಗದ ಕಡೆಗೆ ಬೆರಳು ತೋರಿಸುತ್ತದೆ. ಮನೆಯ ಹಾಸಿಗೆಯ ಕಡೆಗೆ ತಿರುಗುವುದಿಲ್ಲ. ಇಷ್ಟನ್ನು ಒಂದು ಸ್ವಗತದ ಮೂರು ತುಂಡು ಮಾತುಗಳಲ್ಲಿ ಹೇಳಬಲ್ಲವನು ರೋಗದ ಹೆಸರನ್ನು ಹೇಳಬೇಕಾದ ಅವಶ್ಯಕತೆಯೇನು? ಆಲಂಕಾರಿಕರು ಧ್ವನಿಯೆಂದು ಕರೆದುದು ಇದನ್ನೇ. ವಾಚ್ಯವಾಗಿ ಹೇಳಿದ್ದರೆ ಅದು ಒಂದು ಸುದ್ದಿಯಾಗುತ್ತಿತ್ತು.

ಕಾಲದ ವಿಷಯದಲ್ಲಿಯೂ ವೈದ್ಯನ ಕೈ ಕಾಣಬರುತ್ತದೆ. ಉಪದಂಶವು ತಗುಲಿದ ಕೂಡಲೆ ತೋರುವುದಿಲ್ಲ. ಸಾಮಾನ್ಯವಾಗಿ ಮೂರು ವಾರಗಳ ಬಳಿಕ, ಒಮ್ಮೊಮ್ಮೆ 10 ದಿನಗಳಲ್ಲಿ, ಒಮ್ಮೊಮ್ಮೆ 90 ದಿನಗಳಿಗೆ, ನೋವಿಲ್ಲದ ಒಂದು ಹುಣ್ಣು ಮೂಡುವುದು. ಮದ್ದು ಮಾಡದಿದ್ದರೂ ಅದು ತಾನಾಗಿ ಮಾಯುವುದು. ಹೆಂಗಸರಲ್ಲಿ ಅದು ಕಣ್ಣಿಗೆ ಬೀಳದೆಯೇ ಹೋಗಬಹುದು. ಬಳಿಕ ಮೈಮೇಲೆ ಬೊಕ್ಕೆಗಳು, ಅವೂ ಅಡಗುವುವು. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಚಿಕಿತ್ಸೆಯಿಲ್ಲದವರಲ್ಲಿ ಕೆಲವರಿಗೆ ಹತ್ತು, ಇಪ್ಪತ್ತು ವರ್ಷಗಳ ಅನಂತರ ಗುಂಡಿಗೆ, ನರ, ಮಿದುಳುಗಳಿಗೆ ಅದು ಮುಟ್ಟುವುದು. ಮಾಯುವ ಹುಣ್ಣೇ ಈ ರೋಗದ ದೊಡ್ಡ ಮೋಸ; ಮನುಷ್ಯನು ತಾನು ಉಳಿದುಕೊಂಡೆನೆಂದು ತಿಳಿದು ಮುಂದಿನ ಬಾಗಿಲನ್ನು ತಟ್ಟುವನು. ನಾಟಕದ ಮೂರನೆಯ ಸಂವಾದವು ಬೇಸಗೆಯ ಸುಡುವ ಮಧ್ಯಾಹ್ನದಲ್ಲಿ ನಡೆಯುತ್ತದೆ. ಎಂಟನೆಯದು, ಕವಿ ಮತ್ತು ನಟಿಯರದು, ವಸಂತದ ಸಂಜೆ. ನಡುವೆ ಹೆಚ್ಚುಕಡಿಮೆ ಒಂದು ವರ್ಷ ಕಳೆದಿರಬೇಕು. ಕುಣಿತದ ವೇಗವನ್ನು ಕಂಡು ಎಲ್ಲವೂ ಒಂದು ವಾರದಲ್ಲಿ ನಡೆಯಿತೆಂದು ಭಾವಿಸುವ ಓದುಗನು ಈ ಋತುಗಳನ್ನು ಗಮನಿಸಲಿ. ರೋಗವು ಮೈಯಲ್ಲಿ ಬಲಿತು ದಾಟುವುದಕ್ಕೆ ಬೇಕಾದಷ್ಟು ಕಾಲವನ್ನು ಕವಿಯು ಕೊಟ್ಟಿದ್ದಾನೆ.

ಇದೇ ವಸ್ತುವನ್ನು ಹೆಸರು ಹಿಡಿದು ಹೇಳಿದವರ ಕೃತಿಗಳೊಡನೆ ಹೋಲಿಸಿದರೆ ಮೌನದ ಬೆಲೆ ಇನ್ನೂ ತಿಳಿಯುತ್ತದೆ. ಫ್ರಾನ್ಸಿನ ಬ್ರಿಯೋ ಎಂಬ ನಾಟಕಕಾರನು 1901ರಲ್ಲಿ ‘ಲೆಸ್ ಅವಾರಿಯೆ’ ಎಂಬ ನಾಟಕವನ್ನು ಬರೆದು, ಉಪದಂಶದ ವಿಷಯದಲ್ಲಿ ಪ್ಯಾರಿಸ್ಸಿನ ಮಹಾತಜ್ಞನಾದ ಫೂರ್ನಿಯೆ ವೈದ್ಯನಿಗೆ ಅರ್ಪಿಸಿದನು. ಸರಕಾರವು ಅದರ ಪ್ರದರ್ಶನವನ್ನು ತಡೆದುದರಿಂದ ಅದು ಮೊದಲು ಬೆಲ್ಜಿಯಮ್ಮಿನಲ್ಲಿ ಆಡಲ್ಪಟ್ಟು, 1905ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ಬಂದಿತು. ರೋಗವಿರುವ ತರುಣನಿಗೆ ವೈದ್ಯನು ಕೆಲವು ವರ್ಷ ಮದುವೆಯಾಗಬೇಡವೆನ್ನುವನು. ತರುಣನು ಕೇಳದೆ, ಬೇಗ ಗುಣಮಾಡುವೆನೆಂದ ನಕಲಿ ವೈದ್ಯನನ್ನು ನಂಬಿ ಮದುವೆಯಾಗುವನು. ಹುಟ್ಟಿದ ಮಗುವಿಗೆ ರೋಗ, ಮಗುವಿಗೆ ಹಾಲೂಡುವ ದಾದಿಗೂ ಅದು ಅಂಟುವ ಅಪಾಯ. ಕಥೆಯು ಸತ್ಯ, ಉದ್ದೇಶವು ಶ್ಲಾಘ್ಯ. ಬರ್ನಾರ್ಡ್ ಷಾ 1911ರಲ್ಲಿ ಬ್ರಿಯೋನ ನಾಟಕಗಳಿಗೆ ಮುನ್ನುಡಿ ಬರೆದು ಅವನನ್ನು ಬಹಳ ಎತ್ತರದಲ್ಲಿ ಕೂರಿಸಿದನು. ಆ ಹೊಗಳಿಕೆಯು ಇಂದು ಓದಲು ವಿಚಿತ್ರವಾಗಿದೆ. ಆ ನಾಟಕದಲ್ಲಿ ಪಾತ್ರಗಳಿಲ್ಲ, ರೋಗಿಗಳಿದ್ದಾರೆ. ಸಂಭಾಷಣೆಯಿಲ್ಲ, ವೈದ್ಯನ ಉಪನ್ಯಾಸವಿದೆ. ಅದು ತನ್ನ ಕಾಲದಲ್ಲಿ ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಮುಚ್ಚಿದ್ದ ಬಾಯಿಗಳನ್ನು ಅದು ತೆರೆಯಿಸಿತು. 1913ರಲ್ಲಿ ಅಮೆರಿಕದಲ್ಲಿಯೂ ಅದರ ಪ್ರದರ್ಶನವು ದೊಡ್ಡ ಚರ್ಚೆಯನ್ನು ಎಬ್ಬಿಸಿತು. ಆದರೆ ಔಷಧವು ಬಂದ ಮೇಲೆ ಚೀಟಿಯು ಹಳೆಯದಾಗುವಂತೆ ಆ ನಾಟಕವೂ ಹಳೆಯದಾಯಿತು.

ಇಬ್ಸೆನ್ನನ ‘ಗೆಂಗಂಗೇರೆ’, ಇಂಗ್ಲಿಷಿನಲ್ಲಿ ‘ಗೋಸ್ಟ್ಸ್’ ಎಂದು ಪ್ರಸಿದ್ಧವಾದುದು, ಬೇರೆಯ ಮಟ್ಟದ ಕೃತಿ. 1881ರಲ್ಲಿ ಅದು ಪ್ರಕಟವಾದಾಗ ಸ್ವದೇಶದ ರಂಗಭೂಮಿಗಳು ಅದನ್ನು ಮುಟ್ಟಲಿಲ್ಲ; ಮೊದಲ ಪ್ರದರ್ಶನವು 1882ರಲ್ಲಿ ದೂರದ ಷಿಕಾಗೋ ನಗರದಲ್ಲಿ ನಡೆಯಿತು. ಪ್ಯಾರಿಸ್ಸಿನಿಂದ ಮನೆಗೆ ಮರಳಿದ ಚಿತ್ರಕಾರ ಓಸ್ವಾಲ್ಡನು ತಂದೆಯ ಪಾಪದ ಫಲವನ್ನು ತನ್ನ ಮಿದುಳಿನಲ್ಲಿ ಹೊತ್ತಿರುವನು. ಅಲ್ಲಿಯೂ ರೋಗದ ಹೆಸರನ್ನು ಯಾರೂ ಉಚ್ಚರಿಸುವುದಿಲ್ಲ. ಗ್ರೀಕರ ವಿಧಿಯ ಸ್ಥಾನದಲ್ಲಿ ಇಬ್ಸೆನ್ನನು ರೋಗವನ್ನು ನಿಲ್ಲಿಸಿ ಅದ್ಭುತವಾದ ದುರಂತವನ್ನು ಕಟ್ಟಿದನು. ವೈದ್ಯಶಾಸ್ತ್ರವನ್ನು ಕೇಳಿದರೆ ಒಂದು ಆಕ್ಷೇಪವಿದೆ: ಮಗುವಿಗೆ ಈ ರೋಗವು ತಾಯಿಯ ಗರ್ಭದಲ್ಲಿ, ತಾಯಿಯ ಮೂಲಕವೇ ಬರುತ್ತದೆ, ತಾಯಿಯಾದ ಆಲ್ವಿಂಗ್ ಶ್ರೀಮತಿಯು ಕೊನೆಯವರೆಗೂ ಗಟ್ಟಿಮುಟ್ಟಾಗಿಯೇ ಇದ್ದಾಳೆ. ಅಂದಿನ ವೈದ್ಯರಲ್ಲಿಯೂ ತಂದೆಯಿಂದ ನೇರವಾಗಿ ಬರುವುದೆಂಬ ನಂಬಿಕೆಯಿತ್ತಾದುದರಿಂದ ಇದನ್ನು ಕವಿಯ ದೋಷವೆನ್ನಲಾಗದು. ಆದರೆ ರೋಗವನ್ನು ವಿಧಿಯಾಗಿ ಕಂಡ ಕೂಡಲೆ ಅದು ಮೇಲಿನಿಂದ ಕೆಳಕ್ಕೆ, ತಂದೆಯಿಂದ ಮಗನಿಗೆ ಇಳಿಯುವ ಗೆರೆಯಾಗಿಬಿಡುತ್ತದೆ. ಷ್ನಿಟ್ಸ್ಲರನದು ಇಳಿಯುವ ಗೆರೆಯಲ್ಲ, ಸುತ್ತುವ ಗೆರೆ. ಶಿಕ್ಷೆಯ ಭಾವನೆಗೆ ಅಲ್ಲಿ ಅವಕಾಶವಿಲ್ಲ. ಅಂಟುರೋಗದ ಸ್ವಭಾವಕ್ಕೆ ಹತ್ತಿರವಾದುದು ಇದೇ.

ರಸದ ದೃಷ್ಟಿಯಿಂದ ನೋಡುವವರಿಗೆ ಈ ನಾಟಕವು ಒಂದು ಒಳ್ಳೆಯ ಸಮಸ್ಯೆ. ಬಹುನಾಯಕರಲ್ಲಿ ನೆಟ್ಟ ರತಿ, ಉಭಯರಲ್ಲಿಯೂ ಸಮನಾಗಿರದ ರತಿ ಇವು ಶೃಂಗಾರವಲ್ಲ, ಶೃಂಗಾರಾಭಾಸ ಎಂದು ಆಲಂಕಾರಿಕರು ತೀರ್ಮಾನಿಸಿದ್ದಾರೆ. ‘ರೈಗೆನ್’ ನಾಟಕದ ಹತ್ತು ಸಂವಾದಗಳೂ ಈ ಲಕ್ಷಣಕ್ಕೆ ಉದಾಹರಣೆಗಳು. ಇದನ್ನು ಕೃತಿಯ ದೋಷವೆಂದು ಎಣಿಸುವವರು ಆಭಾಸವೇ ಇಲ್ಲಿ ಪ್ರತಿಪಾದ್ಯವೆಂಬುದನ್ನು ಮರೆಯುತ್ತಾರೆ. ಪ್ರೀತಿಯ ಮಾತುಗಳೆಲ್ಲ ಇಲ್ಲಿವೆ: ನಾಳೆ ಬದುಕಿರುವೆವೋ ಇಲ್ಲವೋ ಎಂಬ ಮಾತು, ನನ್ನನ್ನು ಪ್ರೀತಿಸುವೆಯಾ ಎಂಬ ಪ್ರಶ್ನೆ, ಇನ್ನೆಂದಿಗೂ ಬರೆನೆಂಬ ಪ್ರತಿಜ್ಞೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಅವೇ ಮಾತುಗಳು ಸಾಗುತ್ತವೆ. ತರುಣನು ಒಬ್ಬಳ ಮುಂದೆ ಆಡಿದ ಬಗೆಯ ಮಾತು ಇನ್ನಾರದೋ ಬಾಯಲ್ಲಿ ಮರಳಿ ಬರುತ್ತದೆ. ಮಾತೂ ಅಂಟುರೋಗದಂತೆ ಹರಡುತ್ತದೆಯೆಂದು ಹೇಳಿದರೆ ತಪ್ಪಾಗಲಾರದು.

ಆದರೂ ಕೃತಿಯು ಉದ್ದಕ್ಕೂ ಒಂದೇ ಸಮನಾಗಿಲ್ಲ. ಮೊದಲ ಆರು ಸಂವಾದಗಳಲ್ಲಿರುವ ಬಿಗಿ ಏಳರಲ್ಲಿ ಸಡಿಲವಾಗುತ್ತದೆ. ಕವಿ ಮತ್ತು ನಟಿಯರನ್ನು ಕುರಿತು ಷ್ನಿಟ್ಸ್ಲರನು ತನ್ನ ವೃತ್ತಿಬಾಂಧವರ ಮೇಲಣ ಪರಿಹಾಸಕ್ಕೆ ಮನಸೋತಿದ್ದಾನೆ. ಕವಿಯ ಆತ್ಮಪ್ರಶಂಸೆಯು ನಗಿಸುತ್ತದೆ, ಆದರೆ ಸುತ್ತು ನಿಂತಂತಾಗುತ್ತದೆ. ಪಾತ್ರಗಳಿಗೆ ವರ್ಗದ ಹೆಸರಲ್ಲದೆ ಬೇರೆ ಬಾಳಿಲ್ಲವೆಂಬ ಆಕ್ಷೇಪವೂ ನಿರಾಧಾರವಲ್ಲ. ಜೀವನದಲ್ಲಿ ಸರಪಳಿಯು ಇಷ್ಟು ಅಚ್ಚುಕಟ್ಟಾಗಿ ಕೂಡಿಕೊಳ್ಳುವುದಿಲ್ಲ. ಕೆಲವರಿಗೆ ಒಬ್ಬರೇ, ಕೆಲವರಿಗೆ ಇಪ್ಪತ್ತು ಮಂದಿ, ಕೊಂಬೆಗೆ ಕೊಂಬೆ ಒಡೆದು ಬಲೆಯಾಗುತ್ತದೆ. ಇಂದು ಸಾಂಕ್ರಾಮಿಕ ರೋಗಗಳನ್ನು ಅಭ್ಯಸಿಸುವವರು ಬರೆಯುವ ನಕ್ಷೆಗಳು ಬಲೆಯ ಆಕಾರದವೇ ಹೊರತು ಉಂಗುರದವಲ್ಲ. ನಾಟಕಕಾರನಿಗೆ ಉಂಗುರವು ಬೇಕಾಗಿದ್ದಿತು, ಅದಕ್ಕಾಗಿ ಅವನು ಸತ್ಯವನ್ನು ಸ್ವಲ್ಪ ಬಗ್ಗಿಸಿದನು.

ಕೃತಿಯ ಹೊರಗಣ ಚರಿತ್ರೆಯು ಕೃತಿಗಿಂತ ಕಡಮೆ ಸ್ವಾರಸ್ಯದ್ದಲ್ಲ. 1900ರಲ್ಲಿ ಷ್ನಿಟ್ಸ್ಲರನು 200 ಪ್ರತಿಗಳನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ ಗೆಳೆಯರಿಗೆ ಹಂಚಿದನು. 1903ರಲ್ಲಿ ವಿಯೆನ್ನಾದಲ್ಲಿ ಅದು ಬಹಿರಂಗವಾಗಿ ಪ್ರಕಟವಾಯಿತು. ಮರುವರ್ಷ ಜರ್ಮನಿಯಲ್ಲಿ ನಿಷೇಧಕ್ಕೆ ಗುರಿಯಾಯಿತು. ಮಹಾಯುದ್ಧ ಮುಗಿದು ಸಾಮ್ರಾಜ್ಯಗಳು ಬಿದ್ದ ಮೇಲೆ, 1920ರ ಡಿಸೆಂಬರ್ 23ರಂದು ಬರ್ಲಿನ್ನಿನಲ್ಲಿ ಪೂರ್ಣ ನಾಟಕವು ರಂಗವೇರಿತು. 1921ರ ಫೆಬ್ರವರಿಯಲ್ಲಿ ವಿಯೆನ್ನಾದಲ್ಲಿ. ಆ ತಿಂಗಳೇ ವಿಯೆನ್ನಾದ ರಂಗಮಂದಿರಕ್ಕೆ ಜನರು ನುಗ್ಗಿ ದಾಂಧಲೆಮಾಡಿದರು. ಕೂಗಿದ ಕೂಗು ನೀತಿಯ ಹೆಸರಿನದು. ಒಳಗಿದ್ದ ಕೋಪವು ಕವಿಯ ಯೆಹೂದಿ ಕುಲದ ಮೇಲಿನದು. ಬರ್ಲಿನ್ನಿನಲ್ಲಿ ರಂಗಮಂದಿರದವರ ಮೇಲೆಯೂ ನಟರ ಮೇಲೆಯೂ ಅಶ್ಲೀಲದ ಮೊಕದ್ದಮೆ ನಡೆದು, 1921ರ ನವೆಂಬರಿನಲ್ಲಿ ಎಲ್ಲರೂ ಬಿಡುಗಡೆಯಾದರು. ಗೆದ್ದ ಮೇಲೆಯೂ ಕವಿಯ ಮನಸ್ಸು ನೊಂದಿದ್ದಿತು. ಇನ್ನು ಮುಂದೆ ಈ ನಾಟಕವನ್ನು ಆಡಕೂಡದೆಂದು ತಾನೇ ತಡೆದನು. ಆ ತಡೆಯನ್ನು ಅವನ ಮಗನು ತೆಗೆದದ್ದು 1982ರಲ್ಲಿ. ವಿಯೆನ್ನಾದ ಮನೆಬಾಗಿಲುಗಳಲ್ಲಿ ಸಾಲುಸಾಲಾಗಿ ತೂಗುತ್ತಿದ್ದ ವೈದ್ಯರ ಫಲಕಗಳನ್ನು ದಿನವೂ ನೋಡಿ ಸುಮ್ಮನಿದ್ದವರು ಪುಸ್ತಕದ ಕೆಲವು ಗೆರೆಗಳನ್ನು ಕಂಡು ಬೀದಿಗಿಳಿದರೆಂಬುದು ಆ ನಗರದ ನೀತಿಯ ಅಳತೆಗೋಲು.

ರಂಗವು ಮುಚ್ಚಿದ್ದ ಕಾಲದಲ್ಲಿ ಚಲಚ್ಚಿತ್ರಕ್ಕೆ ದಾರಿಯಿದ್ದಿತು. 1950ರಲ್ಲಿ ಮಾಕ್ಸ್ ಓಫುಲ್ಸನು ಫ್ರೆಂಚಿನಲ್ಲಿ ತೆಗೆದ ‘ಲಾ ರೋಂದ್’ ಚಿತ್ರವು ಜಗತ್ಪ್ರಸಿದ್ಧವಾಯಿತು. ಅದರಲ್ಲಿ ಸೂತ್ರಧಾರನೊಬ್ಬನು ಸುತ್ತುವ ಕುದುರೆಗಳ ಯಂತ್ರವನ್ನು ತಿರುಗಿಸುತ್ತ ಕಥೆಯನ್ನು ನಡೆಸುವನು. ಚಿತ್ರವು ಸುಂದರ, ಸಂಗೀತವು ಇಂಪು, ಹಳೆಯ ವಿಯೆನ್ನಾದ ಮೇಲಣ ಮಮತೆಯು ಪ್ರತಿಯೊಂದು ದೃಶ್ಯದಲ್ಲಿಯೂ ಸೂಸುತ್ತದೆ. ನಡುವೆ ಯಾರೂ ಇಲ್ಲದ ಕುಣಿತಕ್ಕೆ ಅಲ್ಲಿ ಒಬ್ಬ ನಾಯಕನು ಬಂದುಬಿಟ್ಟನು; ಅವನು ಮುಗುಳ್ನಗುತ್ತಿರುವಾಗ ಭಯವು ಉಳಿಯುವುದೆಂತು? ಬೆಳ್ಳಿತೆರೆಯ ಮೇಲೆ ಆ ಸುತ್ತು ಬರುವ ಹೊತ್ತಿಗೆ ಪೆನಿಸಿಲಿನ್ ಬಂದು ಏಳು ವರ್ಷಗಳಾಗಿದ್ದುವು ಎಂಬುದನ್ನು ಇಲ್ಲಿ ನೆನೆಯಬೇಕು. ಷ್ನಿಟ್ಸ್ಲರನು ನಾಟಕವನ್ನು ಬರೆದಾಗ ರೋಗಾಣುವೇ ಗೊತ್ತಿರಲಿಲ್ಲ. ಅದನ್ನು 1905ರಲ್ಲಿ ಬರ್ಲಿನ್ನಿನಲ್ಲಿ ಷೌಡಿನ್ ಮತ್ತು ಹಾಫ್‌ಮನ್ ಕಂಡುಹಿಡಿದರು. 1906ರಲ್ಲಿ ವಾಸರ್ಮನ್ನನ ರಕ್ತಪರೀಕ್ಷೆ, 1910ರಲ್ಲಿ ಎರ್ಲಿಕ್ ಮತ್ತು ಹಾಟಾ ಇವರ ಸಾಲ್ವರ್ಸಾನ್, 1943ರಲ್ಲಿ ಮಹೋನಿ ಎಂಬ ಅಮೆರಿಕದ ವೈದ್ಯನು ಪೆನಿಸಿಲಿನ್ನಿನಿಂದ ಮಾಡಿದ ಚಿಕಿತ್ಸೆ, ಹೀಗೆ ಒಂದೊಂದಾಗಿ ಬಂದುವು. ಈಗ ಆರಂಭದ ಹಂತದ ಉಪದಂಶವು ಪೆನಿಸಿಲಿನ್ನಿನ ಒಂದು ಚುಚ್ಚುಮದ್ದಿನಿಂದ ಗುಣವಾಗುತ್ತದೆ.

ಆದರೆ ಮದ್ದು ಸಿಕ್ಕಿದ ಮೇಲೆಯೂ ಸುತ್ತು ನಿಂತಿಲ್ಲ. 1981ರಲ್ಲಿ ಏಡ್ಸ್ ರೋಗವು ಬೆಳಕಿಗೆ ಬಂದಾಗ ಹಳೆಯ ಮೌನವೂ ಹಳೆಯ ಬೆರಳು ತೋರಿಸುವಿಕೆಯೂ ಹಾಗೆಯೇ ಮರಳಿದುವು. ಉಪದಂಶ, ಪೂಯಮೇಹ, ಕ್ಲಮೈಡಿಯಾ, ಟ್ರೈಕೊಮೊನಾಸ್ ಎಂಬ ಗುಣವಾಗತಕ್ಕ ನಾಲ್ಕು ಸೋಂಕುಗಳು 2020ರಲ್ಲಿ 15ರಿಂದ 49 ವರ್ಷದವರಲ್ಲಿ ಸುಮಾರು 37 ಕೋಟಿ 40 ಲಕ್ಷ ಬಾರಿ ಹೊಸದಾಗಿ ತಗುಲಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಇವುಗಳಲ್ಲಿ ಬಹುಪಾಲಿಗೆ ಲಕ್ಷಣವೇ ತೋರುವುದಿಲ್ಲ. ತನಗೇ ತಿಳಿಯದೆ ಹೊತ್ತುಕೊಂಡು ಹೋಗುವ ಈ ಸ್ಥಿತಿಯೇ ‘ರೈಗೆನ್’ ನಾಟಕದ ಸ್ಥಿತಿ. ಬ್ರಿಯೋನ ನಾಟಕವು ಸಾಲ್ವರ್ಸಾನಿನೊಡನೆ ಮುಪ್ಪಾಯಿತು. ಇದು ಪೆನಿಸಿಲಿನ್ನಿಗೂ ಮುಪ್ಪಾಗಲಿಲ್ಲ. ರೋಗದ ಹೆಸರನ್ನು ಹೇಳದಿದ್ದುದರಿಂದ ಅದು ಯಾವ ಒಂದು ರೋಗಕ್ಕೂ ಕಟ್ಟುಬೀಳಲಿಲ್ಲ. 1998ರಲ್ಲಿ ಡೇವಿಡ್ ಹೇರ್ ಎಂಬ ಆಂಗ್ಲ ನಾಟಕಕಾರನು ಇದನ್ನು ‘ದಿ ಬ್ಲೂ ರೂಮ್’ ಎಂದು ತನ್ನ ಕಾಲದ ನಗರಕ್ಕೆ ಒಗ್ಗಿಸಿಕೊಂಡಾಗ ಸುತ್ತಿನ ಆಕಾರವನ್ನು ಬದಲಿಸಬೇಕಾದ ಅಗತ್ಯವೇ ಬೀಳಲಿಲ್ಲ.

ಕನ್ನಡಕ್ಕೆ ಇದನ್ನು ತರುವವರಿಗೆ ಒಂದು ಸೌಕರ್ಯವಿದೆ, ಇಂಗ್ಲಿಷಿನವರಿಗೆ ಅದು ಇಲ್ಲ. ಮೂಲದಲ್ಲಿ ಗೆರೆಗಳ ಹಿಂದೆಯೂ ಮುಂದೆಯೂ ಪಾತ್ರಗಳು ಒಬ್ಬರನ್ನೊಬ್ಬರು ಕರೆಯುವ ರೀತಿ ಬದಲಾಗುತ್ತದೆ. ಜರ್ಮನ್ ಭಾಷೆಯಲ್ಲಿ ಗೌರವಕ್ಕೆ ಒಂದು ಸರ್ವನಾಮ, ಸಲಿಗೆಗೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗಿ ಕಲೆಸಿಹೋಗುತ್ತವೆ. ಕನ್ನಡದಲ್ಲಿ ‘ನೀವು’ ಇದೆ, ‘ನೀನು’ ಇದೆ. ಗೃಹಿಣಿಯು ತರುಣನ ಕೋಣೆಗೆ ಬಂದಾಗ ಯಾವುದನ್ನು ಆಡುವಳು, ಮುಸುಕು ಹಾಕಿಕೊಂಡು ಹೊರಡುವಾಗ ಯಾವುದನ್ನು. ಮನೆಗೆಲಸದ ಹುಡುಗಿಯು ಚಿಕ್ಕ ಯಜಮಾನನನ್ನು ಎಷ್ಟು ಕ್ಷಣ ‘ನೀನು’ ಎನ್ನಬಲ್ಲಳು, ಅವನು ಕಾಫಿಮನೆಗೆ ಹೊರಟು ನಿಂತಾಗ ಮತ್ತೆ ಹೇಗೆ ‘ನೀವು’ ಎನ್ನುವಳು. ಇವುಗಳನ್ನು ಅನುವಾದಕನು ಕಿವಿಗೊಟ್ಟು ಕೇಳಿ ಹಿಡಿಯಬೇಕು. ಅವನು ಹೊರಟುಹೋದ ಮೇಲೆ ಆ ಹುಡುಗಿ ಮೇಜಿನ ಮೇಲಿಂದ ಒಂದು ಚುಟ್ಟವನ್ನು ತೆಗೆದುಕೊಂಡು ಹೋಗುತ್ತಾಳೆ. ಅದಕ್ಕೆ ಯಾವ ಅನುವಾದವೂ ಬೇಕಾಗಿಲ್ಲ.